ಎಸ್‌ಜಿಪಿಟಿ ಇಳಿದರೆ ಹೆಪಟೈಟಿಸ್ ಬಿ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿದೆ. ಟೆನೊಫೊವಿರ್ ಮಾತ್ರೆಯ ಜೊತೆಗೆ ಕೆಲವು ತಿಂಗಳಿಂದ ನೆಲನೆಲ್ಲಿ ಪುಡಿ ಮತ್ತು ಸಿಲಿಮರಿನ್ (ಮಿಲ್ಕ್ ಥಿಸಲ್ ಗಿಡದ ಸಾರ) ಕ್ಯಾಪ್ಸೂಲ್ ಸೇವಿಸುತ್ತಿದ್ದೇನೆ. ಯಕೃತ್ತಿನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಈಗ ಸಹಜ ಮಟ್ಟಕ್ಕೆ ಬಂದಿದೆ. ಮಾತ್ರೆ ಬಿಟ್ಟು ಗಿಡಮೂಲಿಕೆಯನ್ನಷ್ಟೇ ಮುಂದುವರಿಸಬಹುದೇ?

ಉತ್ತರ: ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಟೆನೊಫೊವಿರ್ ವೈರಾಣುವಿನ ವೃದ್ಧಿಯನ್ನು ತಡೆಯುತ್ತದೆಯೇ ಹೊರತು, ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ನೆಲೆಯೂರಿದ ಅದರ ಡಿಎನ್‌ಎಯನ್ನು ಅಳಿಸುವುದಿಲ್ಲ. ಆದ್ದರಿಂದ ಮಾತ್ರೆ ನಿಂತ ಕೆಲವು ವಾರ ಅಥವಾ ತಿಂಗಳುಗಳಲ್ಲಿ ವೈರಾಣು ಮತ್ತೆ ಹೆಚ್ಚಿ, ಉರಿಯೂತವು ಒಮ್ಮೆಲೇ ಉಲ್ಬಣಿಸಬಹುದು. ಸಿರೋಸಿಸ್ (ಯಕೃತ್ತು ಗಾಯದ ಕಲೆಗಳಿಂದ ಗಡುಸಾಗುವ ಸ್ಥಿತಿ) ಇರುವವರಲ್ಲಿ ಇದು ಪ್ರಾಣಕ್ಕೇ ಎರವಾದೀತು.

ಎಸ್‌ಜಿಪಿಟಿ ಎಂಬುದು ಹಾನಿಗೊಂಡ ಯಕೃತ್ತಿನ ಕೋಶಗಳಿಂದ ರಕ್ತಕ್ಕೆ ಸೋರುವ ಕಿಣ್ವ. ಅದು ಇಳಿದರೆ ಹಾನಿ ತಗ್ಗಿದೆ ಎಂದು ತಿಳಿಯಬಹುದು, ಅಷ್ಟೇ. ವೈರಾಣುವಿನ ಪ್ರಮಾಣವನ್ನು ತಿಳಿಸುವುದು ಎಚ್‌ಬಿವಿ (ಹೆಪಟೈಟಿಸ್ ಬಿ ವೈರಾಣು) ಡಿಎನ್‌ಎ ಪರೀಕ್ಷೆ. ನಿಮ್ಮ ವರದಿಯ ಸುಧಾರಣೆಗೆ ಟೆನೊಫೊವಿರ್ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು.

ನೆಲನೆಲ್ಲಿಯ ಮೇಲಿನ ಭರವಸೆ ನಿರಾಧಾರವಾಗಿ ಹುಟ್ಟಿದ್ದಲ್ಲ. ಅದನ್ನು ಸೇವಿಸಿದ ಹಲವರ ರಕ್ತದಿಂದ ಹೆಪಟೈಟಿಸ್ ಬಿ ಪ್ರತಿಜನಕ (ಸೋಂಕನ್ನು ಸೂಚಿಸುವ ವೈರಾಣುವಿನ ಪ್ರೋಟೀನ್) ಮರೆಯಾಯಿತೆಂದು 1988ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಆದರೆ ನಂತರದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲ. ಕಾಮಾಲೆಗೆ ಅದು ರಾಮಬಾಣವೆಂಬ ಖ್ಯಾತಿಗೆ ಇನ್ನೊಂದು ಕಾರಣವೂ ಇದೆ: ಕಾಮಾಲೆ ತರುವ ಹೆಪಟೈಟಿಸ್ ಎ ಯಾವ ಔಷಧವಿಲ್ಲದೆಯೂ ಬಹುತೇಕ ಎಲ್ಲರಲ್ಲೂ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ, ಹೆಸರು ಮಾತ್ರ ಆಗ ಕೊಟ್ಟ ಮೂಲಿಕೆಗೆ ಬರುತ್ತದೆ. ಸಿಲಿಮರಿನ್ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೂ 154 ಹೆಪಟೈಟಿಸ್ ಸಿ ರೋಗಿಗಳಿಗೆ 24 ವಾರ ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಔಷಧಾಂಶವಿಲ್ಲದ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಹಲವು ಮೂಲಿಕೆಗಳನ್ನು ಬೆರೆಸಿದ, ಒಳಗೇನಿದೆ ಎಂದು ಸ್ಪಷ್ಟವಾಗಿ ನಮೂದಿಸದ ಪುಡಿಗಳು. ಕೆಲವದರಲ್ಲಿ ಸೀಸ, ಪಾದರಸಗಳು ಪತ್ತೆಯಾಗಿವೆ. ಅಮೃತಬಳ್ಳಿ ಮತ್ತು ಹಸಿರು ಚಹಾದ ಸಾಂದ್ರ ಸಾರದಿಂದಲೇ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಜ್ಯೇಷ್ಠಮಧುವಿನ ಅತಿಬಳಕೆ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುತ್ತದೆ.

ಮುಂದಿನ ಭೇಟಿಗೆ ಹೋಗುವಾಗ ಪುಡಿಯ ಡಬ್ಬಿ ಮತ್ತು ಕ್ಯಾಪ್ಸೂಲಿನ ಸ್ಟ್ರಿಪ್ಪನ್ನು ಸಂಕೋಚವಿಲ್ಲದೆ ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ಎಂದಾದರೂ ನಿಲ್ಲಿಸಬಹುದೇ ಎಂದು ಅವರನ್ನೇ ಕೇಳಿ. ಈ ನಡುವೆ ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅಥವಾ ಹೊಟ್ಟೆ ಉಬ್ಬಿದರೆ, ನಿಲ್ಲಿಸಬೇಕಾದದ್ದು ಪುಡಿ ಮತ್ತು ಕ್ಯಾಪ್ಸೂಲನ್ನೇ ಹೊರತು ಟೆನೊಫೊವಿರ್ ಅನ್ನಲ್ಲ. ಅಂದೇ ಆಸ್ಪತ್ರೆಗೆ ಹೋಗಿ.