ಮೋಡ ಕವಿದ ದಿನ ರಾಯಚೂರಿನ ಗಾಳಿಯ ಮಾಲಿನ್ಯವನ್ನು ಉಪಗ್ರಹ ಅಳೆಯಬಲ್ಲದೇ?

ಅಳೆಯಬಲ್ಲದು, ಆದರೆ ಮೊದಲು ಮೋಡವನ್ನೇ ಅಳೆಯಬೇಕು.

ಆಷಾಢದಲ್ಲಿ ಶಕ್ತಿನಗರದ ಬಳಿ ಕೃಷ್ಣಾ ಸೇತುವೆಯ ಮೇಲೆ ನಿಂತು ನೋಡಿ. ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆ ಪೂರ್ವಕ್ಕೆ ವಾಲಿಕೊಂಡು ಹೋಗುತ್ತಿರುತ್ತದೆ, ಅದರ ಮೇಲೆ ಬೂದು ಮೋಡದ ಹೊದಿಕೆ. ಸೆಂಟಿನೆಲ್-5ಪಿ ಉಪಗ್ರಹ (2017ರಲ್ಲಿ ಹಾರಿಸಿದ್ದು) ಮಧ್ಯಾಹ್ನ ಸುಮಾರು ಒಂದೂವರೆಗೆ ಹಾದುಹೋಗುವಾಗ ಕಾಣುವುದು ಆ ಹೊದಿಕೆಯೇ. ಉಪಗ್ರಹವು ಭೂಮಿಯಿಂದ ಮರಳುವ ಬಿಸಿಲಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ (ಇಂಧನ ಉರಿದಾಗ ಹೊಮ್ಮುವ ಮಾಲಿನ್ಯಕಾರಕ ಅನಿಲ) ಎಷ್ಟು ನೀಲಿ ಬೆಳಕನ್ನು ಹೀರಿದೆ ಎಂದು ಲೆಕ್ಕ ಹಾಕುತ್ತದೆ. ಮೋಡ ಹೊಗೆಯ ಮೇಲಿದ್ದರೆ ಅನಿಲ ಮರೆಯಾಗುತ್ತದೆ. ಹೊಗೆಯ ಕೆಳಗಿದ್ದರೆ ಬಿಳಿ ಮೋಡ ಬೆಳಕನ್ನು ಹೆಚ್ಚು ಹಿಂದಿರುಗಿಸುವುದರಿಂದ ಅನಿಲದ ಗುರುತು ಗಾಢವಾಗುತ್ತದೆ. ಹಾಗಾಗಿ ಮೋಡ ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯಲೇಬೇಕು.

ಅದನ್ನು ತಿಳಿಸುವುದು ಆಮ್ಲಜನಕ! ನನಗೆ ಇಡೀ ವಿಧಾನದಲ್ಲಿ ಅತ್ಯಂತ ಸುಂದರವೆನಿಸುವ ಭಾಗ ಇದು. ಗಾಳಿಯಲ್ಲಿ ಅದರ ಪಾಲು ಸುಮಾರು ಶೇ. 21, ಎಲ್ಲೆಡೆ ಒಂದೇ. 760 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕನ್ನು ಅದು ಹೀರುತ್ತದೆ. ಮೋಡ ಎತ್ತರದಲ್ಲಿದ್ದರೆ ಬೆಳಕು ಮೇಲಿಂದಲೇ ಮರಳುತ್ತದೆ, ಹೀರಿಕೆ ಕಡಿಮೆ. ಮೋಡ ತಗ್ಗಿನಲ್ಲಿದ್ದರೆ ಹೀರಿಕೆ ಹೆಚ್ಚು.

ದಟ್ಟ ಮೋಡವಿದ್ದಾಗ ಮಾತ್ರ ಆ ಅಳತೆಯನ್ನು ಕೈಬಿಡುತ್ತಾರೆ. ಮಳೆಗಾಲದ ನಕ್ಷೆಯಲ್ಲಿ ರಾಯಚೂರು ಖಾಲಿ ಕಂಡರೆ ಗಾಳಿ ಶುದ್ಧವಾಗಿದೆ ಎಂದು ದಯವಿಟ್ಟು ತಿಳಿಯಬೇಡಿ. ಆ ದಿನಗಳಿಗೆ ನೆಲದ ಮೇಲಿನ ಮಾಪನ ಕೇಂದ್ರದ ಅಂಕಿಗಳನ್ನೇ ನೋಡಬೇಕು.