ವಿದೇಶಿ ಸರ್ಕಾರದ ಎಐ ಅನುದಾನ: ಜರ್ಮನಿ, ಬ್ರಿಟನ್, ಅಮೆರಿಕ, ಇದರಲ್ಲಿ ನಮ್ಮ ಸಣ್ಣ ಟ್ರಸ್ಟ್ ಯಾವುದಕ್ಕೆ ಅರ್ಜಿ ಹಾಕಬೇಕು?

ಯಾವುದಕ್ಕಾದರೂ ಹಾಕಿ. ಆದರೆ ಮೊದಲ ಮೀಟಿಂಗ್‌ನಲ್ಲೇ ಕ್ಲೌಡ್ ಖಾತೆ (ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವ ಕಂಪ್ಯೂಟರ್‌ಗಳ ಖಾತೆ) ಯಾರ ಹೆಸರಲ್ಲಿ ಇರುತ್ತೆ ಅಂತ ಕೇಳಿ. ನಾವು ಕೇಳಲಿಲ್ಲ.

ನಮ್ಮದು ರಾಯಚೂರು ಕಡೆಯ ಸಂಸ್ಥೆ. ನಿಮ್ಮ ಹಾಗೇ ರೈತರ ಜೊತೆ ಕೆಲಸ. 2021ರ ಕೊನೆಗೆ ಕಪ್ಪು ಥ್ರಿಪ್ಸ್ ಕೀಟ ಬಂದು ಮೆಣಸಿನಕಾಯಿ ಗಿಡದ ಹೂವೆಲ್ಲ ಉದುರಿಹೋಯ್ತಲ್ಲ, ಆಗ ದಿನಾ ಫೋನೋ ಫೋನು. ಏನು ಹೊಡೀಬೇಕ್ರಿ, ಎಷ್ಟು ಹೊಡೀಬೇಕ್ರಿ ಅಂತ. ಉತ್ತರ ಹೇಳೋಕೆ ನಮ್ಮಲ್ಲಿ ಜನ ಇರಲಿಲ್ಲ. ರೈತ ತನ್ನ ಮಾತಲ್ಲೇ ಫೋನಿನಲ್ಲಿ ಕೇಳಬೇಕು, ಯಂತ್ರ ಅರ್ಥ ಮಾಡಿಕೊಂಡು ಕನ್ನಡದಲ್ಲೇ ಉತ್ತರ ಹೇಳಬೇಕು ಅನ್ನುವ ಯೋಚನೆ ಹುಟ್ಟಿದ್ದು ಆಗ. ಒಂದು ವಿದೇಶಿ ಸರ್ಕಾರದ ಅಭಿವೃದ್ಧಿ ನಿಧಿಗೆ ಅರ್ಜಿ ಹಾಕಿದೆವು. ಸಿಕ್ಕಿತು. ಯಾವ ದೇಶ ಅಂತ ಕೇಳಬೇಡಿ, ಅಲ್ಲಿ ನಮಗೆ ಸಿಕ್ಕವರು ಬಹುಪಾಲು ಒಳ್ಳೆಯವರೇ.

ಯಂತ್ರಕ್ಕೆ ನಮ್ಮ ಕಡೆಯ ಮಾತು ಹತ್ತುತ್ತಿರಲಿಲ್ಲ. ಓದಿ ಹೇಳಿದ ಪುಸ್ತಕದ ಕನ್ನಡ ತಿಳಿಯುತ್ತಿತ್ತು, ಹೊಲದಲ್ಲಿ ನಿಂತು ಮಾತಾಡಿದ್ದು ತಿಳಿಯುತ್ತಿರಲಿಲ್ಲ. ಹಾಗಾಗಿ ಊರೂರಿಗೆ ಹೋಗಿ ಧ್ವನಿ ರೆಕಾರ್ಡ್ ಮಾಡಿದೆವು. ಗುಡಿ ಕಟ್ಟೆ ಮೇಲೆ ಶುರು ಮಾಡಿದ್ದು. ಟ್ರ್ಯಾಕ್ಟರ್ ಸದ್ದಿಗೆ ಅದು ಆಗಲಿಲ್ಲ. ಕೊನೆಗೆ ಯಾರದಾದರೂ ಮನೆಯ ಒಳಕೋಣೆ ಹಿಡಿದು, ಬಾಗಿಲಿಗೆ ಒಂದು ಕೌದಿ, ಕಿಟಕಿಗೆ ಒಂದು ಕೌದಿ ಕಟ್ಟುತ್ತಿದ್ದೆವು. ಅದು ಎಷ್ಟು ಚೆನ್ನಾಗಿ ಸದ್ದು ತಡೆಯುತ್ತೆ ಗೊತ್ತಾ? ದುಬಾರಿ ಸ್ಟುಡಿಯೋ ಸ್ಪಂಜು ಬೇಡ. ಸಂಜೆ ಕೆಲಸ ಮುಗಿಸಿ ಬಂದ ಹೆಂಗಸರು ಒಳಗೆ ಕೂತು, ಬೆವರು ಒರೆಸಿಕೊಂಡು, ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಿದ್ದರು. ಡಿಗ್ರಿ ಮುಗಿಸಿದ ಊರ ಹುಡುಗಿಯರು ಅದನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದರು. ಇಡೀ ಯೋಜನೆಯಲ್ಲಿ ನಿಜವಾದ ಕೆಲಸ ಅಂದರೆ ಇದೇ.

ಈಗ ಖಾತೆಯ ವಿಷಯ. ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅನುದಾನದ ದೊಡ್ಡ ಪಾಲು ದುಡ್ಡಾಗಿ ಬರಲಿಲ್ಲ, ಕ್ಲೌಡ್ ಕ್ರೆಡಿಟ್ ಆಗಿ ಬಂತು. ಅಂದರೆ ಒಂದು ಕಂಪನಿಯ ಕಂಪ್ಯೂಟರ್‌ಗಳನ್ನು ಇಂತಿಷ್ಟು ಡಾಲರ್‌ವರೆಗೆ ಬಿಟ್ಟಿ ಬಳಸಬಹುದು, ಆದರೆ ಗಡುವು ಇರುತ್ತೆ. ಅನುದಾನ ಕೊಟ್ಟವರು ತಾಂತ್ರಿಕ ಸಹಾಯಕ್ಕೆ ಅಂತ ಒಂದು ಕನ್ಸಲ್ಟಿಂಗ್ ಸಂಸ್ಥೆಯನ್ನು ಗೊತ್ತು ಮಾಡಿದ್ದರು. ಅವರು, ‘ಕ್ರೆಡಿಟ್ ನಮ್ಮ ಮೂಲಕ ಬರುತ್ತೆ, ಖಾತೆ ನಾವೇ ತೆಗೀತೀವಿ, ನಿಮಗೆ ಅಡ್ಮಿನ್ ಕೊಡ್ತೀವಿ’ ಅಂದರು. ಅಡ್ಮಿನ್ ಅಂದ ಮೇಲೆ ಮುಗೀತಲ್ಲ ಅಂದುಕೊಂಡೆ. ಅದು ಹಾಗಲ್ಲ. ಖಾತೆ ಯಾವ ಇಮೇಲಿನಿಂದ ಶುರುವಾಯಿತೋ ಅವರೇ ಒಡೆಯರು. ಬಿಲ್ಲು ಅವರ ಕಾರ್ಡಿಗೆ, ಓಟಿಪಿ ಅವರ ಫೋನಿಗೆ. ನಮ್ಮ ಅಡ್ಮಿನ್ ಅವರು ಕೊಟ್ಟಿದ್ದು, ಅವರು ಕಿತ್ತುಕೊಳ್ಳಬಹುದು. ಪಹಣಿ ಬೇರೆಯವರ ಹೆಸರಲ್ಲಿರುವ ಹೊಲಕ್ಕೆ ಬೋರ್‌ವೆಲ್ ಹಾಕಿಸಿದ ಹಾಗಾಯಿತು. ಅಲ್ಲಿಗೆ ನಾವು ರೆಕಾರ್ಡಿಂಗ್, ಟೈಪ್ ಮಾಡಿದ ಸಾಲು, ಅವುಗಳಿಂದ ತರಬೇತಿ ಕೊಟ್ಟ ಮಾಡೆಲ್ (ಮಾತು ಅರ್ಥ ಮಾಡಿಕೊಳ್ಳುವ ಎಐ ಪ್ರೋಗ್ರಾಂ) ಎಲ್ಲ ತುಂಬಿದೆವು. ನಮ್ಮ ಲ್ಯಾಪ್‌ಟಾಪ್ ಫುಲ್ ಆಗಿತ್ತು, ಅದಕ್ಕೆ ಇಲ್ಲಿದ್ದ ಪ್ರತಿ ಅಳಿಸಿಬಿಟ್ಟೆವು. ಕೆಲವೇ ಸಾವಿರದ ಹಾರ್ಡ್ ಡಿಸ್ಕ್ ಬಜೆಟ್‌ನಲ್ಲಿ ಇರಲಿಲ್ಲ!

ಅವರ ಗುತ್ತಿಗೆ ನಮಗಿಂತ ಮುಂಚೆ ಮುಗಿಯಿತು. ಕ್ರೆಡಿಟ್ ಗಡುವೂ ಮುಗಿಯಿತು. ಮೀಟರ್ ಓಡುತ್ತಲೇ ಇತ್ತು, ಡಾಲರ್ ಬಿಲ್ಲು ಅವರ ಕಾರ್ಡಿಗೆ ಹೋಗುತ್ತಿತ್ತು. ಯಾರು ಸುಮ್ನೆ ಕಟ್ಟುತ್ತಾರೆ? ಖಾತೆ ಮುಚ್ಚಿದರು. ಮುಚ್ಚುವ ಮುಂಚೆ ಮೇಲ್ ಹಾಕಿದ್ದರಂತೆ, ಅದು ಕೆಲಸ ಬಿಟ್ಟುಹೋದ ನಮ್ಮ ಹುಡುಗನ ವಿಳಾಸಕ್ಕೆ ಹೋಗಿತ್ತು. ನಮಗೆ ಗೊತ್ತಾಗಿದ್ದು ಮಾನ್ವಿ ಕಡೆಯ ರೈತರೊಬ್ಬರು ಫೋನ್ ಮಾಡಿ, ‘ಸರ, ನಿಮ್ಮ ನಂಬರ್ ಹತ್ತವಲ್ದ್ರಿ’ ಅಂದಾಗ. ಅಷ್ಟೊತ್ತಿಗೆ ಎಲ್ಲ ಅಳಿಸಿಹೋಗಿತ್ತು. ಕೊನೆಯ ಕಂತು ಧ್ವನಿಗಳನ್ನು ಒಪ್ಪಿಸಿದ ಮೇಲೆ ಅಂತ ಒಪ್ಪಂದದಲ್ಲಿತ್ತು. ಒಪ್ಪಿಸೋಕೆ ನಮ್ಮ ಕೈಲಿ ಏನಿತ್ತು? ಕಂತು ಬರಲಿಲ್ಲ. ಟೈಪ್ ಮಾಡಿದ ಹುಡುಗಿಯರಿಗೆ ಟ್ರಸ್ಟಿನ ಮೂಲಧನ ಮುರಿದು ಸಂಬಳ ಕೊಟ್ಟೆವು.

ಇನ್ನು ನಿಮ್ಮ ಪ್ರಶ್ನೆ. ಮೂರು ದೇಶಗಳ ದುಡ್ಡನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ, ಅದೇ ಸರಿಯಿಲ್ಲ.

ಜರ್ಮನಿಯ ಎಐ ಕಾರ್ಯಕ್ರಮ ‘ಫೇರ್ ಫಾರ್ವರ್ಡ್’ 2019ರಲ್ಲಿ ಶುರುವಾಗಿದ್ದು. ದುಡ್ಡು ಅವರ ಅಭಿವೃದ್ಧಿ ಸಚಿವಾಲಯದ್ದು, ನಡೆಸುವುದು ಅಲ್ಲಿನ ಸರ್ಕಾರಿ ನೆರವು ಸಂಸ್ಥೆ ಜಿಐಝಡ್. ಪಾಲುದಾರ ದೇಶಗಳಲ್ಲಿ ಘಾನಾ, ರುವಾಂಡಾ, ಕೀನ್ಯಾ, ಇಂಡೋನೇಷ್ಯಾಗಳ ಜೊತೆ ಭಾರತವೂ ಇದೆ. ಅದರ ಬೆಂಬಲದಲ್ಲಿ ಬೆಂಗಳೂರಿನ ಐಐಎಸ್‌ಸಿಯವರು ‘ಸಿಸ್ಪಿನ್’ ಅಂತ ಒಂಬತ್ತು ಭಾಷೆಗಳ ಧ್ವನಿ ಸಂಗ್ರಹ ಮಾಡಿದರು, ಕನ್ನಡವೂ ಇದೆ, ಯಾರು ಬೇಕಾದರೂ ಬಳಸಬಹುದು. ರುವಾಂಡಾದಲ್ಲಿ ಜನರೇ ಧ್ವನಿ ಕೊಡುವ ಮೊಜಿಲ್ಲಾದ ‘ಕಾಮನ್ ವಾಯ್ಸ್’ ಯೋಜನೆಯ ಮೂಲಕ ಕಿನ್ಯಾರ್ವಾಂಡಾ ಭಾಷೆಯ 2,000 ಗಂಟೆಗೂ ಜಾಸ್ತಿ ಧ್ವನಿ ಸೇರಿತು, ಅದೂ ಎಲ್ಲರಿಗೂ ಮುಕ್ತ. ದುಡ್ಡು ನಿಂತರೂ ವಸ್ತು ಉಳಿಯುತ್ತೆ. ನನಗೆ ಹಿಡಿಸುವುದು ಈ ಬಗೆ.

ಅಮೆರಿಕದ್ದು ಬೇರೆ ಆಟ. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ಆದೇಶ ಓದಿ. ಚಿಪ್, ಡೇಟಾ ವ್ಯವಸ್ಥೆ, ಮಾಡೆಲ್, ಭದ್ರತೆ, ಆ್ಯಪ್ ಎಲ್ಲ ಸೇರಿಸಿ ಒಂದೇ ಗಂಟು ಮಾಡಿ ಹೊರದೇಶಕ್ಕೆ ಮಾರುವ ಅಲ್ಲಿನ ಕಂಪನಿಗಳ ಕೂಟಕ್ಕೆ ಸಾಲ, ಗ್ಯಾರಂಟಿ ಮೂಲಕ ಬೆಂಬಲ ಕೊಡುವುದು ಅದರ ತಿರುಳು. ನೀವು ಅದರಲ್ಲಿ ಅರ್ಜಿದಾರರಲ್ಲ, ಗಿರಾಕಿ. ತಪ್ಪೇನಿಲ್ಲ, ಎಲ್ಲ ದೇಶಗಳೂ ತಮ್ಮ ಮಾಲು ಮಾರುತ್ತವೆ. ಅದನ್ನು ಅನುದಾನ ಅಂತ ಕರೆಯಬೇಡಿ ಅಷ್ಟೆ. ಅಮೆರಿಕದ ಹಳೆಯ ನೆರವು ಸಂಸ್ಥೆ ಯುಎಸ್‌ಏಡ್‌ನ ದುಡ್ಡಿನ ಕಥೆ ಗೊತ್ತೇ ಇದೆ: 2025ರ ಜನವರಿಯಲ್ಲಿ ತಡೆ, ಜುಲೈ ಹೊತ್ತಿಗೆ ಸಂಸ್ಥೆಯೇ ಇಲ್ಲ. ಬ್ರಿಟನ್ ಮತ್ತು ಕೆನಡಾದ ಎಐ ಅಭಿವೃದ್ಧಿ ಕಾರ್ಯಕ್ರಮದ ಒಲವು ಮೊದಲಿಂದ ಆಫ್ರಿಕಾ ಕಡೆ. ಅದರ ಮೇಲೆ ಬ್ರಿಟನ್ 2027ಕ್ಕೆ ತನ್ನ ಒಟ್ಟು ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸುತ್ತೇವೆ ಅಂದಿದೆ.

ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆ, ಮರೀಬೇಡಿ. ವಿದೇಶಿ ಸರ್ಕಾರವೂ ವಿದೇಶಿ ಮೂಲವೇ. ಆ ಕಾಯ್ದೆಯಡಿ ನೋಂದಣಿ ಇಲ್ಲ ಅಂದರೆ ಮುಂಗಡ ಅನುಮತಿ ಬೇಕು. ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇ. 20 ದಾಟುವಂತಿಲ್ಲ. 2020ರ ತಿದ್ದುಪಡಿಯ ಮೇಲೆ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ‘ದೊಡ್ಡ ಸಂಸ್ಥೆ ತಗೊಂಡು ನಮಗೆ ಕೊಡುತ್ತೆ’ ಅನ್ನುವವರ ಮಾತು ಕೇಳಬೇಡಿ, ಮೊದಲು ಆಡಿಟರ್ ಹತ್ತಿರ ಹೋಗಿ.

ನನ್ನನ್ನು ಕೇಳಿದರೆ ಎಐಗೆ ಅಂತ ಅರ್ಜಿ ಹಾಕುವುದನ್ನೇ ಬಿಡಿ. ಕನ್ನಡ ಕೇಳಿ ಬರೆದುಕೊಳ್ಳುವ, ಕನ್ನಡ ಮಾತಾಡುವ ಮಾಡೆಲ್‌ಗಳು ಕೇಂದ್ರ ಸರ್ಕಾರದ ಭಾಷಿಣಿಯಲ್ಲಿ, ಐಐಟಿ ಮದ್ರಾಸ್‌ನ ಎಐ4ಭಾರತ್‌ನಲ್ಲಿ ಆಗಲೇ ಇವೆ. ನಿಮ್ಮ ಊರಿನ ಮಾತನ್ನು ಅವು ಎಷ್ಟು ಹಿಡಿಯುತ್ತವೆ ಅಂತ ಮೊದಲು ಪರೀಕ್ಷೆ ಮಾಡಿ, ಅದಕ್ಕೆ ಅನುದಾನ ಬೇಡ. ದುಡ್ಡು ಬೇಕಾಗುವುದು ಫೋನ್ ಬಿಲ್ಲಿಗೆ, ಮತ್ತೆ ಉತ್ತರ ಸರಿಯಿದೆಯಾ ಅಂತ ನೋಡುವ ಒಬ್ಬ ಕೃಷಿ ಪದವೀಧರನಿಗೆ. ನಮ್ಮ ಬಜೆಟ್‌ನಲ್ಲಿ ಅವೆರಡೂ ತೀರಾ ಕಡಿಮೆ ಇದ್ದವು. ಯಂತ್ರ ಒಮ್ಮೆ ಹತ್ತಿಯ ಔಷಧಿಯನ್ನು ಮೆಣಸಿಗೆ ಹೇಳಿತು, ಪುಣ್ಯಕ್ಕೆ ಆ ರೈತ ಅಂಗಡಿಯಲ್ಲಿ ಇನ್ನೊಮ್ಮೆ ಕೇಳಿದ. ಬೇಜಾರಾದ ರೈತರಿಗೆ ನಾವೇ ಕಿಸಾನ್ ಕಾಲ್ ಸೆಂಟರ್ ನಂಬರ್ ಕೊಡುತ್ತಿದ್ದೆವು, 1800-180-1551. ಅಲ್ಲಿ ಕನ್ನಡದಲ್ಲೇ ಮನುಷ್ಯರು ಮಾತಾಡುತ್ತಾರೆ. ನಿಮ್ಮ ಯಂತ್ರ ಅದಕ್ಕಿಂತ ಹೆಚ್ಚು ಏನು ಮಾಡುತ್ತೆ ಅಂತ ಅರ್ಜಿಯಲ್ಲಿ ಒಂದು ಪ್ಯಾರಾ ಬರೆಯೋಕೆ ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟು ಹೇಳಿದ ಮೇಲೂ ಹಾಕುತ್ತೀರಿ, ಗೊತ್ತು. ನಾನೂ ಹಾಕುತ್ತಿದ್ದೆ. ಹಾಗಾದರೆ ಖಾತೆ ಟ್ರಸ್ಟಿನ ಇಮೇಲ್, ಟ್ರಸ್ಟಿನ ಕಾರ್ಡ್, ಕಾರ್ಯದರ್ಶಿಯ ಫೋನ್ ಮೇಲೇ ಇರಲಿ. ಕ್ರೆಡಿಟ್ ಕೊಡುವವರು ಅದಕ್ಕೇ ಹಾಕಲಿ, ಆಗುತ್ತೆ. ಆಗಲ್ಲ ಅಂದರೆ ಕಾರಣವನ್ನು ಲಿಖಿತವಾಗಿ ಕೇಳಿ. ಪ್ರತಿ ವಾರದ ರೆಕಾರ್ಡಿಂಗ್ ಎರಡು ಹಾರ್ಡ್ ಡಿಸ್ಕ್‌ಗೆ, ಒಂದು ಕಚೇರಿಯಲ್ಲಿ, ಇನ್ನೊಂದು ಯಾರದಾದರೂ ಮನೆಯಲ್ಲಿ. ಧ್ವನಿ ಕೊಟ್ಟವರ ಒಪ್ಪಿಗೆ ಪತ್ರದ ಮೂಲ ಪ್ರತಿಯೂ ನಿಮ್ಮಲ್ಲೇ ಇರಲಿ. ಒಪ್ಪಂದದ ಕರಡು ಬಂದಾಗ ಹೆಸರುಗಳನ್ನೆಲ್ಲ ಮುಚ್ಚಿ, ಡೇಟಾ ಬಗ್ಗೆ ಇರುವ ಪುಟವನ್ನು ಮಾತ್ರ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.