ಗಿಟಾರಿನಲ್ಲಿ ಸ್ಪೀಡ್ ಮೊದಲಾ, ಫೀಲ್ ಮೊದಲಾ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಎರಡು ವರ್ಷ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ ಮೇಲೆ ಸ್ಪೀಡಿನ ಹಿಂದೆ ಹೋಗಬೇಕೋ, ಟೋನ್ (ದನಿಯ ಗುಣ) ಮತ್ತು ಫ್ರೇಸಿಂಗ್ (ಸ್ವರಗಳನ್ನು ಮಾತಿನಂತೆ ಜೋಡಿಸುವ ರೀತಿ) ತಿದ್ದಿಕೊಳ್ಳಬೇಕೋ ಎನ್ನುವುದು ಒಂದು. ವೇಗವಾಗಿ ನುಡಿಸುವವರಲ್ಲಿ ಭಾವ ಇರುವುದಿಲ್ಲ ಅಂತಾರಲ್ಲ, ಅದು ನಿಜವೇ ಎನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ.

ನಿಜವಲ್ಲ. ಸ್ವೀಡನ್ನಿನ ಗಿಟಾರ್ ವಾದಕ ಯಂಗ್ವಿ ಮಾಲ್ಮ್‌ಸ್ಟೀನ್ 1984ರ 'ರೈಸಿಂಗ್ ಫೋರ್ಸ್' ಆಲ್ಬಮ್ಮಿನಿಂದ ಹೆಸರಾದದ್ದು ವೇಗಕ್ಕೆ. ಆದರೆ ಅವರ ಓಟಗಳನ್ನು (ವೇಗದ ಸ್ವರಸಾಲುಗಳನ್ನು) ಬದಿಗಿಟ್ಟು, ಓಟ ಮುಗಿದು ನಿಲ್ಲುವ ಸ್ವರಗಳನ್ನಷ್ಟೇ ಕೇಳಿ ನೋಡಿ. ಅಗಲವಾದ, ಹಿಡಿತದಲ್ಲಿರುವ ವೈಬ್ರಾಟೊ, ಅಂದರೆ ಸ್ವರದ ಅಲುಗಾಟ, ಅಲ್ಲಿದೆ. ಅವರನ್ನು ಅನುಕರಿಸುವವರು ಓಟ ಕಲಿಯುತ್ತಾರೆ, ನಿಲ್ಲುವುದನ್ನು ಕಲಿಯುವುದಿಲ್ಲ. 'ಬರೀ ಸ್ಪೀಡು' ಎನ್ನುವ ದೂರು ಬಹುಪಾಲು ಹುಟ್ಟುವುದು ಅಲ್ಲೇ.

ಇದಕ್ಕೊಂದು ಲೆಕ್ಕವೂ ಇದೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಬೀಟಿಗೆ ನಾಲ್ಕರಂತೆ ನುಡಿಸಿದರೆ ಸೆಕೆಂಡಿಗೆ 8 ಸ್ವರ, ಅಂದರೆ ಒಂದೊಂದಕ್ಕೆ 125 ಮಿಲಿಸೆಕೆಂಡ್. ಹದವಾದ ವೈಬ್ರಾಟೊ ಸೆಕೆಂಡಿಗೆ ಐದಾರು ಸಲ ಅಲುಗುತ್ತದೆ ಅಂದುಕೊಂಡರೂ ಒಂದು ಅಲೆಗೆ ಸುಮಾರು 170ರಿಂದ 200 ಮಿಲಿಸೆಕೆಂಡ್ ಬೇಕು. ಓಟದ ಸ್ವರದಲ್ಲಿ ಒಂದು ಅಲೆಗೂ ಜಾಗವಿಲ್ಲ! ಕರ್ನಾಟಕ ಸಂಗೀತ ಕಲಿತವರಿಗೆ ಇದು ಗೊತ್ತಿರುವ ವಿಷಯವೇ: ವರ್ಣವನ್ನು ಎರಡನೇ ಕಾಲಕ್ಕೆ ಎತ್ತಿದಾಗ ಒಂದನೇ ಕಾಲದ ಗಮಕಗಳೆಲ್ಲ ಹಾಗೇ ಕೂರುವುದಿಲ್ಲ, ಕೆಲವನ್ನು ಬಿಡಬೇಕು, ಕೆಲವನ್ನು ಕಿರಿದು ಮಾಡಬೇಕು. ಹಾಗಾಗಿ ವೇಗದ ಭಾಗದಲ್ಲಿ ಭಾವ ಬರಬೇಕಾದ್ದು ಒತ್ತಿನಿಂದ, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಗೆ ತಗಲುವ ರೀತಿಯಿಂದ, ಸ್ವರಗಳನ್ನು ಎಷ್ಟೆಷ್ಟರ ಗುಂಪು ಮಾಡುತ್ತೀರಿ ಎನ್ನುವುದರಿಂದ. ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಭಾರತೀಯ ಸಂಗೀತಗಾರರ ಜೊತೆ ಕಟ್ಟಿದ 'ಶಕ್ತಿ' ತಂಡದಲ್ಲಿ ನುಡಿಸಿದ್ದನ್ನು ಕೇಳಿ. ಅವರು ಕರ್ನಾಟಕ ಸಂಗೀತ ವಿದ್ವಾಂಸ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತವರು. ತಬಲಾ, ಘಟಗಳ ನಡೆಗೆ ತಕ್ಕಂತೆ ಒತ್ತು ಬೀಳುವುದರಿಂದಲೇ ಆ ವೇಗ ಬಾಯಿಪಾಠದ ಹಾಗೆ ಕೇಳಿಸುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಓಟ ಎಲ್ಲಿ ನಿಲ್ಲುತ್ತದೋ ಆ ಸ್ವರವನ್ನು ಮೊದಲು ರಿಪೇರಿ ಮಾಡಿ ಎನ್ನುತ್ತೇನೆ. ಅಂದರೆ ಬೆಂಡ್ (ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು) ಮತ್ತು ವೈಬ್ರಾಟೊ. ದಿನಕ್ಕೆ 45 ನಿಮಿಷ ಸಿಗುವುದಾದರೆ 20 ನಿಮಿಷ ಇದಕ್ಕೇ ಇರಲಿ.

ಮೂರನೇ ತಂತಿಯ (ಅತಿ ಸಣ್ಣ ತಂತಿಯಿಂದ ಎಣಿಸಿ) 9ನೇ ಫ್ರೆಟ್ ನುಡಿಸಿ ಸ್ವರವನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಈಗ 7ನೇ ಫ್ರೆಟ್ ಮೇಲೆ ಉಂಗುರ ಬೆರಳಿಟ್ಟು, ಅದರ ಹಿಂದೆ ಮಧ್ಯದ ಬೆರಳು ಮತ್ತು ತೋರುಬೆರಳನ್ನೂ ಅದೇ ತಂತಿಯ ಮೇಲಿಟ್ಟು, ದಪ್ಪ ತಂತಿಗಳ ಕಡೆಗೆ ತಳ್ಳಿ ಅದೇ ಸ್ವರಕ್ಕೆ ಏರಿಸಿ. ಹೆಬ್ಬೆರಳು ನೆಕ್ಕಿನ ಮೇಲಂಚನ್ನು ಹಿಡಿದಿರಲಿ, ತೋರುಬೆರಳಿನ ಬುಡ ನೆಕ್ಕಿನ ಕೆಳಗಂಚಿಗೆ ಒರಗಿರಲಿ. ಬೀಗದಲ್ಲಿ ಕೀಲಿ ತಿರುಗಿಸಿದಂತೆ ಮುಂಗೈ ತಿರುಗಬೇಕು. ಬೆರಳಿನ ಬಲದಿಂದ ತಳ್ಳಿದರೆ ಸ್ವರ ಗುರಿ ಮುಟ್ಟುವ ಮೊದಲೇ ನಿಲ್ಲುತ್ತದೆ. ಹೊಸಬರ ಬೆಂಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಇದೇ, ಸ್ವಲ್ಪ ಕಡಿಮೆ ಬೀಳುವುದು. ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕಿಕೊಂಡರೆ ನುಡಿಸುವವರಿಗೆ ಅದು ಗೊತ್ತಾಗುವುದಿಲ್ಲ, ಕೇಳುವವರಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಿರುತ್ತದೆ.

ಪರೀಕ್ಷೆಗೆ ಎರಡನೇ ತಂತಿಯ 5ನೇ ಫ್ರೆಟ್ ಇದೆ, ಅದೂ ಅದೇ ಸ್ವರ. ಎರಡನ್ನೂ ಒಟ್ಟಿಗೆ ಮೀಟಿ ಬೆಂಡ್ ಏರಿಸುತ್ತಾ ಹೋದರೆ 'ವಂವಂವಂ' ಎನ್ನುವ ಅಲುಗಾಟ ನಿಧಾನವಾಗುತ್ತಾ ಬಂದು, ಸರಿಯಾದ ಜಾಗದಲ್ಲಿ ಪೂರ್ತಿ ಅಡಗುತ್ತದೆ. ಒಂದು ಎಚ್ಚರಿಕೆ: ನಿಮ್ಮದು ಬ್ರಿಡ್ಜ್ (ತಂತಿಗಳ ಬುಡ ಕೂರುವ ಭಾಗ) ಸ್ಪ್ರಿಂಗುಗಳ ಎಳೆತದಲ್ಲಿ ತೇಲುವ ಗಿಟಾರ್ ಆಗಿದ್ದರೆ ಒಂದು ತಂತಿ ಎಳೆದಾಗ ಉಳಿದವು ಸಡಿಲಗೊಂಡು ಇಳಿಯುತ್ತವೆ, ಆಗ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಅಂಥ ಗಿಟಾರಿನಲ್ಲಿ ಟ್ಯೂನರ್ ನೋಡಿಕೊಂಡೇ ಮಾಡಿ.

ವೈಬ್ರಾಟೊಗೆ ಮೆಟ್ರೊನೋಮ್ 60ಕ್ಕಿಡಿ. ಬೀಟಿಗೆ ಎರಡು ಅಲೆ, ಆಮೇಲೆ ಮೂರು, ನಾಲ್ಕು. ಪ್ರತಿ ಅಲೆಯೂ ಒಂದೇ ಅಗಲ ಇರಬೇಕು, ಪ್ರತಿ ಸಲವೂ ಮೂಲ ಸ್ವರಕ್ಕೆ ವಾಪಸ್ ಬರಬೇಕು. ತಂತಿಯನ್ನು ಯಾವ ಕಡೆ ಎಳೆದರೂ ಸ್ವರ ಏರುವುದೇ ಹೊರತು ಇಳಿಯುವುದಿಲ್ಲ. ಹಾಗಾಗಿ ಪೂರ್ತಿ ವಾಪಸ್ ಬರದ ವೈಬ್ರಾಟೊ ಯಾವಾಗಲೂ ಶಾರ್ಪ್ (ಸ್ವರಕ್ಕಿಂತ ಮೇಲೆ) ಕೇಳಿಸುತ್ತದೆ. ಬೆಂಡ್ ಮಾಡಿದ ಸ್ವರದ ಮೇಲೆ ಇದು ತಿರುಗುಮುರುಗು: ಅಲ್ಲಿ ನೀವು ಸಡಿಲ ಬಿಟ್ಟು ಮತ್ತೆ ಗುರಿಗೆ ಏರಿಸಬೇಕು, ಏರಿಸದಿದ್ದರೆ ಫ್ಲ್ಯಾಟ್ (ಸ್ವರಕ್ಕಿಂತ ಕೆಳಗೆ). ಸ್ವರ ಹುಟ್ಟಿದ ಕೂಡಲೇ ಅಲುಗಿಸಬೇಡಿ, ಅರ್ಧ ಸೆಕೆಂಡ್ ನೇರವಾಗಿ ಬಿಟ್ಟು ಶುರುಮಾಡಿದರೆ ಅಲೆಗೆ ಬೆಲೆ ಬರುತ್ತದೆ.

ಈ ಅಭ್ಯಾಸವೆಲ್ಲ ಕ್ಲೀನ್ ಟೋನಿನಲ್ಲಿ ಆಗಲಿ. ಗೇನ್ (ಡಿಸ್ಟಾರ್ಷನ್ನಿನ ಪ್ರಮಾಣ) ಜಾಸ್ತಿಯಾದಷ್ಟೂ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತದೆ, ನಿಮ್ಮ ಬಲಗೈ ಹೇಳಲು ಹೊರಟದ್ದನ್ನು ಆಂಪ್ ನುಂಗುತ್ತದೆ. ಟೋನ್ ಬೇಕು ಅಂತ ಪೆಡಲ್ ಕೊಳ್ಳುವ ಮೊದಲು ಎರಡು ಕೆಲಸ ಮಾಡಿ: ಗಿಟಾರಿನ ವಾಲ್ಯೂಮ್ ಗುಂಡಿಯನ್ನು 6–7ಕ್ಕೆ ಇಳಿಸಿ ನುಡಿಸಿ, ಮತ್ತು ಒಂದೇ ಲಿಕ್ಕನ್ನು (ಪುಟ್ಟ ಸ್ವರಗುಚ್ಛವನ್ನು) ಒಮ್ಮೆ ಬ್ರಿಡ್ಜ್ ಹತ್ತಿರ, ಒಮ್ಮೆ ನೆಕ್ ಹತ್ತಿರ ಮೀಟಿ. ಇಂಗ್ಲಿಷ್ ರಾಕ್ ಗಿಟಾರ್ ವಾದಕ ಜೆಫ್ ಬೆಕ್ ಪಿಕ್ಕನ್ನೇ ಬಿಟ್ಟು ಬೆರಳು, ವಾಲ್ಯೂಮ್ ಗುಂಡಿ, ಟ್ರೆಮೊಲೊ ಬಾರ್ (ಬ್ರಿಡ್ಜ್ ಅಲುಗಿಸಿ ಸ್ವರ ಏರಿಳಿಸುವ ಸಲಾಕೆ) ಇಷ್ಟರಲ್ಲೇ ಏನೆಲ್ಲ ಹೊರಡಿಸಿದರು ಎನ್ನುವುದು ಕೇಳಿದವರಿಗೆ ಗೊತ್ತು.

ಸ್ಪೀಡಿಗೆ ದಿನಕ್ಕೆ 10 ನಿಮಿಷ ಸಾಕು, ಆದರೆ ಮೊದಲು ರೋಗ ಯಾವುದೆಂದು ಗೊತ್ತಿರಬೇಕು. ಒಂದೇ ತಂತಿಯ ಒಂದೇ ಸ್ವರವನ್ನು 140 ಬಿಪಿಎಂನಲ್ಲಿ ಬೀಟಿಗೆ ನಾಲ್ಕರಂತೆ ಮೇಲೆ-ಕೆಳಗೆ ಮೀಟಿ ನೋಡಿ. ಅದು ಸಲೀಸಾಗಿ ಬಂದು, ಸ್ಕೇಲ್ ನುಡಿಸುವಾಗ ಮಾತ್ರ ಮುಗ್ಗರಿಸಿದರೆ ಕೈಗೆ ವೇಗ ಇಲ್ಲವೆಂದಲ್ಲ, ತಂತಿ ಬದಲಿಸುವಲ್ಲಿ ತೊಡಕಿದೆ. ಪಿಕ್ಕನ್ನು ವಾರೆಯಾಗಿ ಹಿಡಿದಾಗ ಒಂದು ದಿಕ್ಕಿನ ಮೀಟು ಮುಗಿದ ಮೇಲಷ್ಟೇ ಅದು ತಂತಿಗಳಿಂದ ಮೇಲಕ್ಕೆ ಬರುತ್ತದೆ, ಇನ್ನೊಂದು ದಿಕ್ಕಿನಲ್ಲಿ ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ನಿಮ್ಮ ಪಿಕ್ ಹೊರಬರುವುದು ಮೇಲ್ಮೀಟಿನಲ್ಲಾದರೆ ತಂತಿಯ ಕೊನೆಯ ಸ್ವರ ಮೇಲ್ಮೀಟಾಗಿರಲಿ, ಅಂದರೆ ಕೆಳಮೀಟಿನಿಂದ ಶುರುಮಾಡಿ ತಂತಿಗೆ ಎರಡು ಅಥವಾ ನಾಲ್ಕು ಸ್ವರ. ಮಾಲ್ಮ್‌ಸ್ಟೀನ್‌ರ ಅನೇಕ ಓಟಗಳ ಗುಟ್ಟು ಇದೇ. ತಂತಿಗೆ ಮೂರು ಸ್ವರವೇ ಬೇಕಿದ್ದರೆ, ಸಣ್ಣ ತಂತಿಗಳ ಕಡೆ ಹೋಗುವಾಗ ಕೆಳಗೆ-ಮೇಲೆ-ಕೆಳಗೆ ಮೀಟಿ, ಆ ಕೊನೆಯ ಕೆಳಮೀಟನ್ನೇ ಮುಂದುವರಿಸಿ ಮುಂದಿನ ತಂತಿಗೆ ಇಳಿಯಿರಿ.

ಮೆಟ್ರೊನೋಮನ್ನು ದಿನಕ್ಕೆ 2 ಬಿಪಿಎಂ ಏರಿಸುತ್ತಾ ಹೋಗುವ ಹಳೆಯ ಪದ್ಧತಿ ಒಂದರಿಂದಲೇ ಕೆಲಸ ಆಗುವುದಿಲ್ಲ. ನಿಧಾನದಲ್ಲಿ ಎಂಥ ದೊಡ್ಡ ಚಲನೆಯೂ ನಡೆದುಹೋಗುತ್ತದೆ, ವೇಗಕ್ಕೆ ಬೇಕಾದ ಪುಟ್ಟ ಚಲನೆ ಕೈಗೆ ಪರಿಚಯವೇ ಆಗಿರುವುದಿಲ್ಲ. ಅದಕ್ಕೆ ತುಣುಕು ತುಣುಕಾಗಿ ನುಡಿಸಿ: ಗುರಿಯ ವೇಗದಲ್ಲೇ ನಾಲ್ಕು ಸ್ವರ, ಐದನೆಯದು ಬೀಟಿನ ಮೇಲೆ ಬಂದು ನಿಲ್ಲಬೇಕು. ಅಲ್ಲಿ ಎರಡು ಬೀಟ್ ವೈಬ್ರಾಟೊ. ಮತ್ತೆ ಶುರು. ನಾಲ್ಕು ಹಗುರವಾದ ಮೇಲೆ ಎಂಟು. ಮುಂಗೈ ಬಿಗಿಯಾದರೆ ನಿಲ್ಲಿಸಿ ಕೈ ಕೊಡವಿ. ಬಿಗಿಹಿಡಿದು ಓಡಿದರೆ ಕೈ ಕಲಿಯುವುದು ಬಿಗಿಯನ್ನೇ.

ಉಳಿದ 15 ನಿಮಿಷ ಬ್ಯಾಕಿಂಗ್ ಟ್ರ್ಯಾಕ್ (ಜೊತೆಗೆ ನುಡಿಸಲೆಂದು ರೆಕಾರ್ಡ್ ಮಾಡಿಟ್ಟ ಹಿನ್ನೆಲೆ ಸಂಗೀತ). ಎ ಮೈನರ್, ಎಫ್, ಸಿ, ಜಿ ಕಾರ್ಡುಗಳ ಸುತ್ತು, 80–90 ಬಿಪಿಎಂ. ಎರಡು ಬಾರ್ ನುಡಿಸಿ, ಎರಡು ಬಾರ್ ಸುಮ್ಮನಿರಿ. ಈ ಸುಮ್ಮನಿರುವುದು ಕೇಳಿದಷ್ಟು ಸುಲಭವಲ್ಲ! ಅಮೆರಿಕದ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್‌ರ 1965ರ 'ಲೈವ್ ಅಟ್ ದ ರೀಗಲ್' ಕೇಳಿದರೆ ಲಾಭ ತಿಳಿಯುತ್ತದೆ: ಅವರು ಒಂದು ಸಾಲು ಹಾಡುತ್ತಾರೆ, ಗಿಟಾರ್ ಉತ್ತರ ಕೊಡುತ್ತದೆ, ಎರಡೂ ಒಟ್ಟಿಗೆ ಮಾತಾಡುವುದಿಲ್ಲ. ನುಡಿಸುವುದನ್ನು ಬಾಯಲ್ಲೂ ಗುನುಗಿ, ಉಸಿರು ಮುಗಿದಲ್ಲಿ ಲಿಕ್ ಕೂಡ ಮುಗಿಯಲಿ. ಪ್ರತಿ ಲಿಕ್ಕನ್ನೂ ಆಗ ಕೇಳಿಸುತ್ತಿರುವ ಕಾರ್ಡಿನ 'ಥರ್ಡ್' ಸ್ವರಕ್ಕೆ (ಕಾರ್ಡಿನ ಮೂಲ ಸ್ವರದಿಂದ ಎಣಿಸಿದರೆ ಸ್ಕೇಲಿನ ಮೂರನೆಯದು) ತಂದು ಇಳಿಸಿ, ಈ ನಾಲ್ಕು ಕಾರ್ಡುಗಳಿಗೆ ಅವು ಕ್ರಮವಾಗಿ ಸಿ, ಎ, ಇ, ಬಿ. ವಾರ ಕಳೆದ ಮೇಲೆ ಒಂದು ಲಿಕ್ಕಿನ ಕೊನೆಗೆ ಆ ನಾಲ್ಕು ಸ್ವರದ ವೇಗದ ತುಣುಕನ್ನು ಸೇರಿಸಿ. ಒಂದಕ್ಕಷ್ಟೇ.

ಗಿಟಾರಿನ ಬಗ್ಗೆಯೂ ಒಂದು ಮಾತು. ಸ್ಪೀಡಿಗೆಂದು ತಂತಿಗಳನ್ನು ತೀರಾ ಕೆಳಗಿಳಿಸಬೇಡಿ. ಹಳೆಯ ಮಾದರಿಯ 7.25 ಇಂಚು ರೇಡಿಯಸ್ಸಿನ (ಅಡ್ಡಲಾಗಿ ಹೆಚ್ಚು ಬಾಗಿದ) ಫ್ರೆಟ್‌ಬೋರ್ಡಿನಲ್ಲಿ ಹಾಗೆ ಮಾಡಿದರೆ ಮೇಲಿನ ಫ್ರೆಟ್‌ಗಳಲ್ಲಿ ಬೆಂಡ್ ಮಾಡಿದಾಗ ತಂತಿ ಮುಂದಿನ ಫ್ರೆಟ್ಟಿಗೆ ತಾಗಿ ಸ್ವರ ಸತ್ತುಹೋಗುತ್ತದೆ. 12ನೇ ಫ್ರೆಟ್ ಬಳಿ 1.6 ಮಿ.ಮೀ. ಎತ್ತರದಿಂದ ಶುರುಮಾಡಿ, ಸ್ವರ ಸಾಯುತ್ತಿದ್ದರೆ ಸ್ವಲ್ಪ ಏರಿಸಿ. ತಂತಿ 9–42 ಸೆಟ್ (ಅತಿ ಸಣ್ಣದು 0.009, ಅತಿ ದಪ್ಪದ್ದು 0.042 ಇಂಚು) ಇದ್ದರೆ ಬೆಂಡ್ ಕಲಿಯಲು ಸಾಕು. 10–46ಕ್ಕೆ ಹೋದರೆ ದನಿ ತುಸು ತುಂಬಿಬರುತ್ತದೆ, ಆದರೆ ಮೊದಲ ಎರಡು ವಾರ ನಿಮ್ಮ ಬೆಂಡ್‌ಗಳೆಲ್ಲ ಮತ್ತೆ ಕಡಿಮೆ ಬೀಳುತ್ತವೆ.